ಕೋಡ್ ಬರೆಯೋಕ್ ಮುಂಚೆ

ನಮಸ್ಕಾರ. ಪ್ರೋಗ್ರಾಮಿಂಗ್ ಕಲಿಯೋರು ನಾಲ್ಕು ಜನ ಸೇರಿದ್ರೆ ಒಂದು ಜಗಳ ಇದ್ದಿದ್ದೇ, ಪ್ರೋಗ್ರಾಂನ ಮಾಡ್ಯೂಲ್ ಅನ್ನೋ ತುಂಡುಗಳಾಗಿ ಬರೆಯೋ ಮಾಡ್ಯುಲರ್ ಒಳ್ಳೇದಾ, ಡೇಟಾನೂ ಅದರ ಫಂಕ್ಷನ್‌ಗಳನ್ನೂ ಆಬ್ಜೆಕ್ಟ್ ಅಂತ ಒಟ್ಟಿಗೆ ಕಟ್ಟೋ ಆಬ್ಜೆಕ್ಟ್ ಓರಿಯೆಂಟೆಡ್ ಒಳ್ಳೇದಾ ಅಂತ. ನನ್ನ ಕೇಳಿದ್ರೆ ಅರ್ಧ ಜಗಳ ಸುಮ್‌ಸುಮ್ನೆ, ಒಳಗಿನ ಡೇಟಾಗೆ ಹೊರಗಿನೋರು ಕೈ ಹಾಕಬಾರದು ಅಂತ ಇಬ್ರೂ ಹೇಳ್ತಾರೆ.

ವ್ಯತ್ಯಾಸ ಎಲ್ಲಿ ಬರತ್ತೆ ಅಂದ್ರೆ, ಬ್ಯಾಂಕ್ ಖಾತೆ ನೋಡ್ಕೊಳೋ ಒಂದು ಮಾಡ್ಯೂಲ್ ಬರೀತೀರಿ ಅನ್ಕೊಳಿ, ಬ್ಯಾಲೆನ್ಸ್ ವೇರಿಯಬಲ್ ಅದರೊಳಗೆ, ಜಮಾ ಮಾಡೋಕೆ ಒಂದು ಫಂಕ್ಷನ್, ತೆಗೆಯೋಕೆ ಇನ್ನೊಂದು. ಎರಡನೇ ಖಾತೆ ಬರೋವರೆಗೂ ಆರಾಮಾಗಿ ನಡೆಯತ್ತೆ. ಆಮೇಲೆ? ಇರೋದೊಂದೇ ಬ್ಯಾಲೆನ್ಸು, ಹಾಗಾಗಿ ಪ್ರತಿ ಫಂಕ್ಷನ್‌ಗೂ ಇದು ಯಾರ ಖಾತೆ ಅಂತ ಹೇಳ್ತಾ ಹೋಗ್ಬೇಕು. ಕ್ಲಾಸ್, ಅಂದ್ರೆ ಖಾತೆಗೊಂದು ಅಚ್ಚು, ಮಾಡಿದ್ರೆ ಅದರಿಂದ ಖಾತೆಗೊಂದು ಆಬ್ಜೆಕ್ಟು, ಅದರ ಬ್ಯಾಲೆನ್ಸ್ ಅದರ ಹತ್ರಾನೇ. ನಾರ್ವೆಯ ಓಸ್ಲೋದಲ್ಲಿ ಡಾಲ್ ಮತ್ತು ನ್ಯೂಗೋರ್ ಅನ್ನೋ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ಸಿಮ್ಯುಲಾ 67 ಭಾಷೆಗೆ ಕ್ಲಾಸ್ ತಂದಿದ್ದೂ ಸಿಮ್ಯುಲೇಶನ್ (ನಿಜವಾದ ವ್ಯವಸ್ಥೆನ ಕಂಪ್ಯೂಟರಲ್ಲಿ ಅನುಕರಿಸೋದು) ಹಿನ್ನೆಲೆಯಿಂದಾನೇ, ಅಲ್ಲಿ ಒಂದೇ ಥರದ ವಸ್ತು ಹತ್ತಾರು ಇರತ್ತೆ, ಒಂದೊಂದರ ಸ್ಥಿತಿ ಒಂದೊಂಥರ.

ಆದ್ರೆ ಇದಕ್ಕಿಂತ ದೊಡ್ಡ ಪ್ರಶ್ನೆ, ಪ್ರೋಗ್ರಾಂನ ಎಲ್ಲಿ ಕತ್ತರಿಸಿ ಮಾಡ್ಯೂಲ್ ಮಾಡ್ಬೇಕು ಅನ್ನೋದು. 1972ರಲ್ಲಿ ಡೇವಿಡ್ ಪಾರ್ನಾಸ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಒಂದು ಸಣ್ಣ ಪ್ರೋಗ್ರಾಂ ತಗೊಂಡ್ರು, ಸಾಲುಗಳನ್ನ ಓದೋದು, ಪದಗಳನ್ನ ಒಂದೊಂದಾಗಿ ಮುಂದಿಂದ ಹಿಂದಕ್ಕೆ ಹಾಕಿ ಹೊಸ ಸಾಲು ಮಾಡೋದು, ಎಲ್ಲಾನೂ ಅಕ್ಷರಕ್ರಮದಲ್ಲಿ ಜೋಡಿಸಿ ತೋರಿಸೋದು, ಅಷ್ಟೇ. ಅದನ್ನ ಎರಡು ಥರ ಮಾಡ್ಯೂಲ್ ಮಾಡಿ ಹೋಲಿಸಿದ್ರು. ಮೊದಲ್ನೇದು ಫ್ಲೋಚಾರ್ಟ್ (ಕೆಲಸದ ಹಂತಗಳ ಚಿತ್ರ) ಪ್ರಕಾರ, ಓದೋದೊಂದು, ತಿರುಗಿಸೋದೊಂದು, ಜೋಡಿಸೋದೊಂದು. ನೋಡೋಕೆ ನೀಟಾಗಿದೆ, ಆದ್ರೆ ಸಾಲುಗಳು ಮೆಮೊರೀಲಿ ಹೇಗೆ ಕೂತಿವೆ ಅನ್ನೋದು ಎಲ್ಲಾ ಮಾಡ್ಯೂಲ್‌ಗೂ ಗೊತ್ತು, ಅದನ್ನ ಬದಲಾಯಿಸಿದ್ರೆ ಎಲ್ಲಾನೂ ತಿದ್ದಬೇಕು. ಎರಡನೇದ್ರಲ್ಲಿ ಆ ಗುಟ್ಟು ಒಂದೇ ಮಾಡ್ಯೂಲ್ ಹತ್ರ, ತಿದ್ದೋದೂ ಅದೊಂದನ್ನೇ. ಗಮನಿಸಿ, ಎರಡೂ ಮಾಡ್ಯುಲರ್ರೇ!

ಕೋಡ್‌ಗೆ ಮುಂಚೆ ಡಿಸೈನ್ ಮಾಡಿ ಅಂದ್ರೆ ನಾನು ಕೇಳ್ತಿರೋದು ಇಷ್ಟೇ, ಮುಂದೆ ಯಾವ್ದು ಬದಲಾಗ್ಬಹುದು, ಅದು ಯಾರಿಗೆ ಗೊತ್ತಿರ್ಬೇಕು, ಯಾರಿಗೆ ಬೇಡ. ಒಂದು ಹಾಳೆ ಸಾಕು. ನೂರು ಪುಟದ ಡಾಕ್ಯುಮೆಂಟ್ ಬರೆದ್ರೆ ಓದೋರು ಯಾರು ಹೇಳಿ? ಇದನ್ನ ಬಿಟ್ಟು ಸೀದಾ ಕ್ಲಾಸ್ ಮೇಲೆ ಕ್ಲಾಸ್ ಇನ್‌ಹೆರಿಟ್ ಮಾಡ್ತಾ, ಅಂದ್ರೆ ಮೇಲಿನದರ ಗುಣ ಕೆಳಗಿನದಕ್ಕೆ ಇಳಿಸ್ತಾ, ಹೋದ್ರೆ, ಮೇಲಿನ ಕ್ಲಾಸಲ್ಲಿ ಒಂದು ಲೈನ್ ಮುಟ್ಟಿದ್ರೂ ಕೆಳಗೆ ಇನ್ನೆಲ್ಲೋ ಏನೋ ಒಡೆಯತ್ತೆ.

ಹಾಳೆ ಸರಿಯಾಗಿದ್ರೆ ಭಾಷೆ ಅಷ್ಟಾಗಿ ಅಡ್ಡ ಬರಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಲಿನಕ್ಸ್ ಕರ್ನಲ್ ನೋಡಿ, ಬಹುಪಾಲು ಸಿ ಭಾಷೆ, ಅದರಲ್ಲಿ ಕ್ಲಾಸ್ ಅನ್ನೋದೇ ಇಲ್ಲ. ಆದ್ರೂ ಪ್ರತಿ ಫೈಲ್ ಸಿಸ್ಟಮ್ಮು (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ತನ್ನ ರೀಡ್, ರೈಟ್ ಫಂಕ್ಷನ್‌ಗಳ ಪಾಯಿಂಟರ್‌ಗಳನ್ನ, ಅಂದ್ರೆ ಅವು ಎಲ್ಲಿವೆ ಅನ್ನೋ ವಿಳಾಸಗಳನ್ನ, ಒಂದು ಸ್ಟ್ರಕ್ಚರಲ್ಲಿ ತುಂಬಿ ಕೊಡತ್ತೆ, ಫೈಲ್ ಓದೋ ಪ್ರೋಗ್ರಾಂ ಹಿಂದೆ ಯಾವ ಫೈಲ್ ಸಿಸ್ಟಮ್ ಇದೆ ಅಂತ ತಲೆ ಕೆಡಿಸ್ಕೊಳೋದೇ ಇಲ್ಲ.