ರೈಫಲ್ ಮರಕ್ಕೆ ಒರಗಿರುವಾಗ: ಬೇಟೆಯಲ್ಲಿ ಬ್ಯಾಕಪ್ ಹ್ಯಾಂಡ್‌ಗನ್

[ದೃಶ್ಯ: ಅಮೆರಿಕದ ಮೊಂಟಾನಾ ರಾಜ್ಯ. ಪೈನ್ ಮರಗಳ ಇಳಿಜಾರು. ನೆಲದ ಮೇಲೆ ಸತ್ತ ಎಲ್ಕ್. ಮಂಡಿಯೂರಿದ ಬೇಟೆಗಾರ, ಮೊಣಕೈವರೆಗೆ ರಕ್ತ.]

ಈ ಫ್ರೇಮ್‌ನಲ್ಲಿ ರೈಫಲ್ ಎಲ್ಲಿದೆ ಹುಡುಕಿ. ಆ ಕಡೆ, ಮರಕ್ಕೆ ಒರಗಿಸಿ ಇಟ್ಟಿದೆ. ಆರು ಮೀಟರ್ ದೂರ. ಬೇಟೆಗಾರನ ಎರಡೂ ಕೈ ಎಲ್ಕ್ ಹೊಟ್ಟೆಯೊಳಗಿದೆ. ಎಲ್ಕ್ ಅಂದರೆ ನಮ್ಮ ಕಡವೆ ಬಳಗದ ಪ್ರಾಣಿ. ದೊಡ್ಡ ಗಂಡು 300 ಕೆ.ಜಿ. ದಾಟುತ್ತೆ. ಕರುಳು ತೆಗೆದು, ತೊಡೆ ಬಿಡಿಸಿ, ಮಾಂಸ ಚೀಲಕ್ಕೆ ತುಂಬೋಕೆ ಒಬ್ಬನೇ ಆದರೆ ಎರಡು ಮೂರು ಗಂಟೆ ಹಿಡಿಯುತ್ತೆ. ಅಷ್ಟು ಹೊತ್ತು ರಕ್ತದ ವಾಸನೆ ಗಾಳಿಯಲ್ಲಿ ಇಳಿದು ಹೋಗ್ತಾನೇ ಇರುತ್ತೆ.

ಗ್ರಿಜ್ಲಿ, ಅಂದರೆ ಇಲ್ಲಿನ ಕಂದು ಕರಡಿ, ಓಡೋ ವೇಗ ಗಂಟೆಗೆ ಸುಮಾರು 55 ಕಿ.ಮೀ. ಅಂದರೆ ಸೆಕೆಂಡಿಗೆ 15 ಮೀಟರ್. ಮೂವತ್ತು ಮೀಟರ್ ಆಚೆಯ ಪೊದೆಯಿಂದ ಹೊರಟರೆ ನಿಮ್ಮ ಕೈಯಲ್ಲಿ ಉಳಿಯೋದು ಎರಡು ಸೆಕೆಂಡು. ಎದ್ದು, ಆರು ಮೀಟರ್ ಓಡಿ, ರೈಫಲ್ ಎತ್ತಿ, ಸೇಫ್ಟಿ ತೆಗೆಯೋದು ಆ ಲೆಕ್ಕಕ್ಕೆ ಸೇರಲ್ಲ.

ಬ್ಯಾಕಪ್ ಹ್ಯಾಂಡ್‌ಗನ್, ಅಂದರೆ ರೈಫಲ್ ಕೈಗೆ ಸಿಗದಾಗ ಬಳಸೋ ಚಿಕ್ಕ ಕೈಬಂದೂಕು, ಇರೋದು ಈ ಎರಡು ಸೆಕೆಂಡಿಗೆ. ಹಾಗಾಗಿ ಯಾವ ಬೋರ್, ಯಾವ ಕಂಪನಿ ಅನ್ನೋ ಚರ್ಚೆಗಿಂತ ಮೊದಲು ಬರೋ ಪ್ರಶ್ನೆ ಒಂದೇ: ಅದು ಮೈಮೇಲೆ ಎಲ್ಲಿ ನೇತಾಡ್ತಿದೆ? ಬ್ಯಾಗಿನೊಳಗೆ ಇರೋ ಭಾರೀ ಶಕ್ತಿಯ .44 ಮ್ಯಾಗ್ನಮ್ ಗನ್ನಿಗಿಂತ ಎದೆ ಮೇಲಿರೋ ಕಡಿಮೆ ಶಕ್ತಿಯ 9 ಎಂಎಂ ಮೇಲು.

ಬಿಲ್ಲು ಹಿಡಿದು ಹೋಗೋರಿಗೆ ಅಪಾಯ ಇನ್ನೂ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಎಲ್ಕ್‌ಗಳ ಬೆದೆಯ ಕಾಲ, ಬಿಲ್ಲಿನ ಸೀಸನ್ನೂ ಆಗಲೇ. ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸೋಕೆ ಕರಡಿ ಹೊಟ್ಟೆಬಾಕ ಆಗೋದೂ ಅದೇ ತಿಂಗಳು. ಬೇಟೆಗಾರ ಏನು ಮಾಡ್ತಾನೆ? ಮೈ ವಾಸನೆ ಮುಚ್ಚಿಕೊಂಡು, ಸದ್ದಿಲ್ಲದೆ, ಗಾಳಿಗೆ ಎದುರಾಗಿ ನಡೀತಾ, ಬಾಯಲ್ಲಿ ಹೆಣ್ಣು ಎಲ್ಕ್ ಕೂಗು ಕೂಗ್ತಾನೆ. ಕರಡಿಗೆ ಊಟದ ಗಂಟೆ ಬಾರಿಸಿದ ಹಾಗೆ.

[ದೃಶ್ಯ: ಎದೆಯ ಹೋಲ್‌ಸ್ಟರ್ ಕಟ್ಟೋದು, ಮುಂದಿನಿಂದ.]

ಹೋಲ್‌ಸ್ಟರ್, ಅಂದರೆ ಗನ್ ಇಡೋ ಚೀಲ, ಸೊಂಟದಲ್ಲಿ ಕಟ್ಟೋದು ಹಳೆ ಅಭ್ಯಾಸ. ಕಾಡಲ್ಲಿ ಅದು ಕೈಕೊಡೋದು ಬ್ಯಾಕ್‌ಪ್ಯಾಕ್‌ನಿಂದ. ಮೂವತ್ತು ಕೆ.ಜಿ. ಮಾಂಸ ಹೊರೋ ಬ್ಯಾಗಿಗೆ ಅಗಲವಾದ ಸೊಂಟಪಟ್ಟಿ ಇರುತ್ತೆ, ಅದು ಸರಿಯಾಗಿ ಹೋಲ್‌ಸ್ಟರ್ ಮೇಲೇ ಕೂರುತ್ತೆ. ಮೇಲೆ ಮಳೆಕೋಟು ಬಂದರೆ ಗನ್ ಇದೆ ಅನ್ನೋದೇ ಮರೆತುಹೋಗುತ್ತೆ. ಬ್ಯಾಗಿನ ಪಕ್ಕದ ಜೇಬಿನ ಕಥೆ ಕೇಳಲೇಬೇಡಿ. ಬ್ಯಾಗ್ ಕೆಳಗಿಟ್ಟ ಕ್ಷಣ ಬ್ಯಾಕಪ್ಪೂ ಕೆಳಗೆ.

ಅದಕ್ಕೇ ಅಲಾಸ್ಕಾ ಕಡೆ ಎದೆಯ ಹೋಲ್‌ಸ್ಟರ್ ಅಷ್ಟು ಬಳಕೆಗೆ ಬಂದಿದ್ದು. ಒಂದು ಪಟ್ಟಿ ಹೆಗಲ ಮೇಲಿಂದ, ಇನ್ನೊಂದು ಪಕ್ಕೆ ಸುತ್ತಿ. ಗನ್ನಿನ ಹಿಡಿ ಎದೆಮೂಳೆ ಮುಗಿಯೋ ಜಾಗಕ್ಕಿಂತ ಸ್ವಲ್ಪ ಕೆಳಗೆ ಬರಬೇಕು. ಬಲಗೈಯವರಿಗೆ ನಳಿಗೆ ಓರೆಯಾಗಿ ಎಡ ಪಕ್ಕೆಯ ಕಡೆ ಕೆಳಗೆ ನೋಡ್ತಿರಬೇಕು. ಪಟ್ಟಿ ಬಿಗಿ ಮಾಡೋದು ದಪ್ಪ ಜಾಕೆಟ್ ಹಾಕಿಕೊಂಡೇ. ಟೀ ಶರ್ಟ್ ಮೇಲೆ ಅಳತೆ ನೋಡಿದರೆ ಬೆಳಗಿನ ಚಳಿಯಲ್ಲಿ ಉಸಿರಾಡೋಕೂ ಆಗಲ್ಲ. ಮೊದಲು ಹೋಲ್‌ಸ್ಟರ್, ಅದರ ಮೇಲೆ ಬ್ಯಾಗಿನ ಪಟ್ಟಿ. ಬೈನಾಕ್ಯುಲರ್ ಚೀಲವೂ ಎದೆಯ ಜಾಗವನ್ನೇ ಕೇಳುತ್ತೆ. ಅದನ್ನ ಮೇಲೆ ಎಳೆದುಕೊಳ್ಳಿ, ಗನ್ ಅದರ ಕೆಳಗೆ. ಆಮೇಲೆ ಎಲ್ಲ ಹೊತ್ತುಕೊಂಡು ಕೂತು, ಮಂಡಿಯೂರಿ, ಬೆನ್ನ ಮೇಲೆ ಮಲಗಿ, ಖಾಲಿ ಗನ್ ಎಳೆದು ನೋಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮನೇಲೇ ಗೊತ್ತಾಗಲಿ.

[ಕ್ಲೋಸ್‌ಅಪ್: ಕೈಗಳು ಮಾತ್ರ. ನಿಧಾನ ಚಲನೆ.]

ಎಳೆಯುವಾಗ ಎಡಗೈ ಎಲ್ಲಿದೆ ಅನ್ನೋದನ್ನ ಗಮನಿಸಿ. ಹೋಲ್‌ಸ್ಟರ್ ಓರೆ ಇರೋದರಿಂದ ನಳಿಗೆ ಎಡ ಮುಂಗೈ ಮೇಲೆ ಹಾದುಹೋಗೋದು ಬಹಳ ಸುಲಭ. ಎಡಗೈಯನ್ನ ಮೇಲಕ್ಕೆತ್ತಿ ಎದೆಗೆ ಒತ್ತಿ ಹಿಡಿಯಿರಿ. ಬಲಗೈ ಹಿಡಿಗೆ, ಹೆಬ್ಬೆರಳು ಪಟ್ಟಿ ಬಿಡಿಸೋಕೆ, ತೋರುಬೆರಳು ನೇರ, ಗನ್ನಿನ ಚೌಕಟ್ಟಿಗೆ (ಫ್ರೇಮ್) ಅಂಟಿಕೊಂಡು. ನಳಿಗೆ ಪೂರ್ತಿ ಹೊರಬಂದು ಮುಂದಕ್ಕೆ ತಿರುಗಿದ ಮೇಲೇ ಎಡಗೈ ಬಂದು ಸೇರೋದು.

ವಾಪಸ್ ಇಡೋದು ಇನ್ನೂ ಅಪಾಯದ ಕೆಲಸ. ಜಾಕೆಟ್ ಅಂಚಿನಲ್ಲಿ ದಾರ ಇರುತ್ತಲ್ಲ, ತುದಿಗೆ ಪ್ಲಾಸ್ಟಿಕ್ ಗುಂಡಿ? ಅದು ಹೋಲ್‌ಸ್ಟರ್ ಬಾಯಿಗೆ ಬಿದ್ದಿದ್ದರೆ, ಗನ್ ಕೆಳಗೆ ಒತ್ತಿದಾಗ ಟ್ರಿಗರ್ ಗಾರ್ಡ್ ಒಳಗೆ ನುಗ್ಗಿ ಬೆರಳಿನ ಕೆಲಸ ತಾನೇ ಮಾಡಿಬಿಡುತ್ತೆ. ಆ ದಾರ ಕತ್ತರಿಸಿ ಹಾಕಿ. ಇಡುವಾಗ ಬಗ್ಗಿ ನೋಡಿ, ನಿಧಾನವಾಗಿ ಇಡಿ. ಬೇಗ ತೆಗೆದಿದ್ದಕ್ಕೆ ಕಾರಣ ಇರುತ್ತೆ, ಬೇಗ ಇಡೋಕೆ ಯಾವ ಕಾರಣವೂ ಇಲ್ಲ.

[ದೃಶ್ಯ: ಮೇಜಿನ ಮೇಲೆ ಎರಡು ಗನ್. ಪರದೆಯ ಮೇಲೆ ತೂಕ.]

ಈಗ ಗನ್. ಎರಡು ಪಂಗಡ ಇದೆ. ಒಂದು .44 ಮ್ಯಾಗ್ನಮ್ ರಿವಾಲ್ವರ್, 1955ರಲ್ಲಿ ಬಂದ ತೋಟೆ, ಇವತ್ತಿಗೂ ಅಳತೆಗೋಲು. ನಾಲ್ಕಿಂಚು ನಳಿಗೆಯ ಸ್ಟೀಲ್ ರಿವಾಲ್ವರ್ ಖಾಲಿ ಇದ್ದಾಗ ಸುಮಾರು 1.2 ಕೆ.ಜಿ., ಆರು ಈಡು. ಇನ್ನೊಂದು 10 ಎಂಎಂ ಪಿಸ್ತೂಲು, ಉದಾಹರಣೆಗೆ ಗ್ಲಾಕ್ 20. ಮ್ಯಾಗಜೀನ್‌ನಲ್ಲಿ 15 ತೋಟೆ, ತುಂಬಿದ ಮೇಲೂ ಸುಮಾರು 1.1 ಕೆ.ಜಿ.

ಶಕ್ತಿಯ ಲೆಕ್ಕದಲ್ಲಿ 9 ಎಂಎಂಗೆ ಸುಮಾರು 500 ಜೌಲ್, 10 ಎಂಎಂಗೆ 850ರಿಂದ 900, .44ಗೆ 1,300ರ ಆಸುಪಾಸು. ಸಾಧಾರಣ .30-06 ರೈಫಲ್‌ಗೆ 3,800. ಅಂದರೆ ಯಾವ ಹ್ಯಾಂಡ್‌ಗನ್ನೂ ರೈಫಲ್ ಅಲ್ಲ. ಒಂದೇ ಗುಂಡಿಗೆ ಕರಡಿ ಉರುಳುತ್ತೆ ಅಂತ ನಂಬಿ ಹೋಗಬೇಡಿ.

ರಿವಾಲ್ವರ್ ಕೈಕೊಡಲ್ಲ ಅನ್ನೋ ಮಾತು ಅರ್ಧ ಸತ್ಯ. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ದೋಷ ಇದೆ. ಗುಂಡು ಹಾರಿದಾಗ ಗನ್ ಜೋರಾಗಿ ಹಿಂದಕ್ಕೆ ಒದೆಯುತ್ತೆ. ಸಿಲಿಂಡರ್‌ನಲ್ಲಿ, ಅಂದರೆ ತೋಟೆ ತುಂಬೋ ತಿರುಗೋ ಉರುಳೆಯಲ್ಲಿ, ಉಳಿದ ತೋಟೆಗಳ ಹಿತ್ತಾಳೆ ಕೋಶ ಅದರ ಜೊತೆ ಹಿಂದೆ ಹೋಗುತ್ತೆ, ಆದರೆ ಭಾರದ ಸೀಸದ ಗುಂಡು ಇದ್ದಲ್ಲೇ ನಿಲ್ಲೋಕೆ ನೋಡುತ್ತೆ. ಕೊಡಲಿಯನ್ನ ತಲೆಕೆಳಗಾಗಿ ಹಿಡಿದು ಕಾವಿನ ತುದಿ ಕುಟ್ಟಿದರೆ ಕೊಡಲಿ ಕಾವಿನ ಮೇಲೆ ಏರುತ್ತಲ್ಲ, ಅದೇ ಲೆಕ್ಕ. ಹಿತ್ತಾಳೆಯ ಬಾಯಿ ಗುಂಡನ್ನ ಬಿಗಿಯಾಗಿ ಕಚ್ಚಿರದಿದ್ದರೆ ಪ್ರತಿ ಈಡಿಗೂ ಗುಂಡು ಒಂಚೂರು ಹೊರಗೆ ಜಾರುತ್ತೆ. ಮೂರನೇದಕ್ಕೋ ನಾಲ್ಕನೇದಕ್ಕೋ ಮೂಗು ಸಿಲಿಂಡರ್‌ನಿಂದ ಆಚೆ ಚಾಚಿ ಫ್ರೇಮ್‌ಗೆ ತಾಗುತ್ತೆ, ಸಿಲಿಂಡರ್ ತಿರುಗೋದೇ ಇಲ್ಲ. ಹೊರೋಕೆ ಹಗುರ ಅಂತ 700 ಗ್ರಾಮ್ ಆಸುಪಾಸಿನ .44 ಕೊಂಡವರಿಗೆ ಇದರ ಕಾಟ ಹೆಚ್ಚು. ಗನ್ ಹಗುರ ಆದಷ್ಟೂ ಒದೆತ ಜೋರು.

[ಕ್ಲೋಸ್‌ಅಪ್: ವರ್ನಿಯರ್ ಕ್ಯಾಲಿಪರ್‌ನಲ್ಲಿ ತೋಟೆಯ ಉದ್ದ.]

ಪರೀಕ್ಷೆ ಸುಲಭ. ಒಂದು ತೋಟೆಗೆ ಗುರುತು ಹಾಕಿ, ಕ್ಯಾಲಿಪರ್‌ನಲ್ಲಿ ಉದ್ದ ಬರೆದುಕೊಳ್ಳಿ. ಆರೂ ತುಂಬಿ, ಐದು ಹೊಡೆದು, ಗುರುತಿನದು ಮಾತ್ರ ಉಳಿಯೋ ಹಾಗೆ ಮಾಡಿ. ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಕಣ್ಣಿಗೆ ಕಾಣೋಷ್ಟು ಬೆಳೆದಿದ್ದರೆ ಆ ಬ್ರ್ಯಾಂಡ್ ತೋಟೆ ಆ ಗನ್ನಿಗೆ ಬೇಡ.

ಇನ್ನೊಂದು, ಪೈನ್ ಸೂಜಿ ಎಲೆ. ಸಿಲಿಂಡರ್ ಹಿಂದೆ ಖಾಲಿ ಹಿತ್ತಾಳೆ ಹೊರತಳ್ಳೋ, ನಕ್ಷತ್ರದ ಆಕಾರದ ಎಕ್ಸ್‌ಟ್ರಾಕ್ಟರ್ ಇರುತ್ತೆ. ಅದರ ಕೆಳಗೆ ಒಂದು ಎಲೆ ಚೂರು, ಸುಡದೇ ಉಳಿದ ಮದ್ದಿನ ಒಂದು ಕಾಳು ಕೂತರೂ ಸಾಕು, ಸಿಲಿಂಡರ್ ಬಿಗಿಯುತ್ತೆ. ದಿನಾ ಸಂಜೆ ಹಲ್ಲುಜ್ಜೋ ಬ್ರಷ್‌ನಿಂದ ಗುಡಿಸಿ. ಟ್ರಾನ್ಸ್‌ಫರ್ ಬಾರ್ (ಬಿದ್ದಾಗ ಹಾರದ ಹಾಗೆ ತಡೆಯೋ ಭಾಗ) ಇಲ್ಲದ ಹಳೇ ಸಿಂಗಲ್ ಆಕ್ಷನ್, ಅಂದರೆ ಪ್ರತಿ ಈಡಿಗೂ ಕುದುರೆಯನ್ನ ಕೈಯಿಂದ ಎಳೆಯಬೇಕಾದ ರಿವಾಲ್ವರ್, ಇದ್ದರೆ ಐದೇ ತೋಟೆ ತುಂಬಿ. ಕುದುರೆ (ತೋಟೆ ಹಾರಿಸೋಕೆ ಬಡಿಯೋ ಸುತ್ತಿಗೆ) ಖಾಲಿ ಮನೆಯ ಮೇಲೆ ಇರಲಿ, ಇಲ್ಲದಿದ್ದರೆ ಬಿದ್ದ ಪೆಟ್ಟಿಗೇ ಹಾರುತ್ತೆ.

ಪಿಸ್ತೂಲಿನ ದೋಷಗಳ ಜಾತಿ ಬೇರೆ. ಅದಕ್ಕೆ ಗಟ್ಟಿ ಮಣಿಕಟ್ಟು ಬೇಕು. ನೆಲಕ್ಕೆ ಬಿದ್ದು ಒಂದೇ ಕೈಯಲ್ಲಿ ಸಡಿಲವಾಗಿ ಹಿಡಿದು ಹೊಡೆದರೆ ಸ್ಲೈಡ್ (ಹಿಂದೆ ಮುಂದೆ ಜಾರೋ ಮೇಲಿನ ಭಾಗ) ಪೂರ್ತಿ ಹಿಂದೆ ಹೋಗದೆ ಜಾಮ್ ಆಗುತ್ತೆ. ಪ್ರಾಣಿ ಮೈಮೇಲೇ ಬಿದ್ದಾಗ ನಳಿಗೆಯನ್ನ ಅದರ ಮೈಗೆ ಒತ್ತಿದರೆ ಸ್ಲೈಡ್ ಸ್ವಲ್ಪ ಹಿಂದೆ ಸರಿದು, ಟ್ರಿಗರ್ ಎಳೆದರೂ ಹಾರದೇ ಇರಬಹುದು. ಅಲ್ಲಿ ರಿವಾಲ್ವರ್ ಗೆಲ್ಲುತ್ತೆ. ಮಾಮೂಲಿ ಕೈಗೆ ಮಾತ್ರ ಪಿಸ್ತೂಲೇ ವಾಸಿ ಅನ್ನೋದು ನಮ್ಮ ಅಭಿಪ್ರಾಯ. .44 ಹೊಡೆದು ಎರಡನೇ ಈಡಿಗೆ ಗುರಿ ವಾಪಸ್ ತರೋಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಗುಂಡಿನ ಆಯ್ಕೆಯಲ್ಲಿ ಗೊಂದಲ ಬೇಡ. ಮನುಷ್ಯರಿಂದ ರಕ್ಷಣೆಗೆ ಮಾರೋ ಹಾಲೋ ಪಾಯಿಂಟ್, ಅಂದರೆ ಮೂಗಿನಲ್ಲಿ ಕುಳಿ ಇರೋ ಗುಂಡು, ಮೈಗೆ ಹೊಕ್ಕ ಕೂಡಲೇ ಅಣಬೆ ಥರ ಅರಳಿ ನಿಲ್ಲುತ್ತೆ. ಕರಡಿಯ ಕೊಬ್ಬು, ಭುಜದ ಮಾಂಸದಲ್ಲೇ ಅದರ ಪ್ರಯಾಣ ಮುಗಿಯಬಹುದು. ಇಲ್ಲಿ ಬೇಕಾದ್ದು ಅರಳದೆ ಆಳಕ್ಕೆ ಇಳಿಯೋ ಗಟ್ಟಿ ಸೀಸದ, ಚಪ್ಪಟೆ ಮೂಗಿನ, ಭಾರದ ಗುಂಡು. 10 ಎಂಎಂಗೆ 200 ಗ್ರೇನ್ (ಗುಂಡಿನ ತೂಕದ ಅಳತೆ) ಮೇಲೆ, .44ಗೆ 240ರಿಂದ 300. ಆದರೆ ಆ ಚಪ್ಪಟೆ ಮೂಗು ಕೆಲವು ಪಿಸ್ತೂಲುಗಳಲ್ಲಿ ಚೇಂಬರ್‌ಗೆ (ನಳಿಗೆಯ ಬುಡದಲ್ಲಿ ತೋಟೆ ಕೂರೋ ಜಾಗ) ಏರುವಾಗ ತಡೆಯುತ್ತೆ, ಮತ್ತೆ ಗ್ಲಾಕ್ ಕಂಪನಿ ತನ್ನ ನಳಿಗೆಗೆ ಬರೀ ಸೀಸದ ಗುಂಡು ಬೇಡ ಅನ್ನುತ್ತೆ. ಬೇರೆ ಕಂಪನಿಯ ನಳಿಗೆ ಹಾಕಿಸೋರು ಅದಕ್ಕೇ. ಕಾಡಿಗೆ ಒಯ್ಯೋ ತೋಟೆಯನ್ನೇ ನೂರಾದರೂ ಹೊಡೆದು, ಒಂದೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ನಂಬಿ. 2016ರಲ್ಲಿ ಅಲಾಸ್ಕಾದ ಒಬ್ಬ ಗೈಡ್ 9 ಎಂಎಂನಿಂದ ಮೇಲೆ ಬಿದ್ದ ಕಂದು ಕರಡಿಯನ್ನ ಉರುಳಿಸಿದ್ದು ಗಟ್ಟಿ ಸೀಸದ ಗುಂಡಿನಿಂದಲೇ. ಅದನ್ನ ನೋಡಿ 9 ಎಂಎಂ ಕೊಳ್ಳಬೇಡಿ. ಅವರು ದಶಕಗಳ ಅನುಭವಸ್ಥರು.

[ದೃಶ್ಯ: ಕರಡಿ ಸ್ಪ್ರೇ ಡಬ್ಬ. ಕಿತ್ತಳೆ ಬಣ್ಣದ ಮೋಡ.]

ಸ್ಪ್ರೇ ಬಗ್ಗೆ ಹೇಳದೆ ಈ ವಿಷಯ ಮುಗಿಯಲ್ಲ. ಮೆಣಸಿನಕಾಯಿಯ ಖಾರವೇ, 1ರಿಂದ 2 ಶೇಕಡಾ ಕ್ಯಾಪ್ಸೈಸಿನ್ ಬಳಗದ ವಸ್ತು. ಏಳೆಂಟು ಮೀಟರ್ ದೂರಕ್ಕೆ ಮೋಡದ ಹಾಗೆ ಹರಡುತ್ತೆ, ಕೂದಲೆಳೆಯಷ್ಟು ಗುರಿ ಬೇಡ. ಅಲಾಸ್ಕಾದ ಘಟನೆಗಳನ್ನ ಒಟ್ಟುಮಾಡಿದ 2008ರ ಅಧ್ಯಯನದಲ್ಲಿ ಸ್ಪ್ರೇ 92 ಶೇಕಡಾ ಸಲ ಕಂದು ಕರಡಿಯನ್ನ ತಡೆದಿತ್ತು. ಅದೇ ತಂಡ 2012ರಲ್ಲಿ ಬಂದೂಕಿನ 269 ಘಟನೆ ನೋಡಿದಾಗ, ಬಂದೂಕು ಇದ್ದವರು ಅದನ್ನ ಬಳಸಿದರೂ ಬಳಸದಿದ್ದರೂ ಗಾಯದ ಪ್ರಮಾಣ ಒಂದೇ ಥರ ಇತ್ತು. ಬಂದೂಕು ಸೋತ ಕಡೆ ಕಾರಣಗಳು ನಾವು ಇಷ್ಟು ಹೊತ್ತು ಹೇಳಿದವೇ: ಸಮಯ ಸಾಲಲಿಲ್ಲ, ಜಾಮ್ ಆಯ್ತು, ಗುರಿ ತಪ್ಪಿತು. ಸ್ಪ್ರೇಗೂ ಎದುರುಗಾಳಿ ಆಗಲ್ಲ, ಕೊರೆಯೋ ಚಳಿಯಲ್ಲಿ ಒತ್ತಡ ಇಳಿಯುತ್ತೆ. ಎರಡನ್ನೂ ಇಟ್ಟುಕೊಳ್ಳಿ, ಬೇರೆ ಬೇರೆ ಜಾಗದಲ್ಲಿ. ಸ್ಪ್ರೇ ಬ್ಯಾಗಿನ ಸೊಂಟಪಟ್ಟಿಗೆ, ಗನ್ ಎದೆಗೆ. ಇಬ್ಬರಿದ್ದರೆ ಒಬ್ಬ ಕೊಯ್ಯಲಿ, ಇನ್ನೊಬ್ಬ ಸ್ಪ್ರೇ ಹಿಡಿದು ಸುತ್ತ ನೋಡ್ತಿರಲಿ. ಎಲ್ಲಕ್ಕಿಂತ ಅಗ್ಗದ ಬ್ಯಾಕಪ್ ಅದೇ.

ಗಾಯಗೊಂಡ ಪ್ರಾಣಿಯನ್ನ ಹತ್ತಿರದಿಂದ ಮುಗಿಸೋದು ಹ್ಯಾಂಡ್‌ಗನ್ನಿನ ಇನ್ನೊಂದು ಕೆಲಸ. ಜರ್ಮನಿಯ ಬೇಟೆ ಕಾನೂನು ಇದಕ್ಕೆ ಅಂತಲೇ ಅನುಮತಿ ಕೊಡುತ್ತೆ, ಗುಂಡಿಗೆ ಕನಿಷ್ಠ 200 ಜೌಲ್ ಶಕ್ತಿ ಇರಬೇಕು ಅನ್ನೋ ಷರತ್ತಿನ ಮೇಲೆ. ಸಾಮಾನ್ಯ .22 ಪಿಸ್ತೂಲು ಅದಕ್ಕೆ ಸಾಲಲ್ಲ, 9 ಎಂಎಂ ಧಾರಾಳ ಸಾಕು. ಅಮೆರಿಕದಲ್ಲಿ ನಿಯಮ ರಾಜ್ಯ ರಾಜ್ಯಕ್ಕೂ ಬೇರೆ. ಬಿಲ್ಲಿನ ಸೀಸನ್ ಅಂದರೆ ಸಾಮಾನ್ಯವಾಗಿ ಬಿಲ್ಲಿನಿಂದ ಮಾತ್ರ, ಎಲ್ಕ್ ಎಷ್ಟೇ ಒದ್ದಾಡ್ತಿದ್ದರೂ. ಆ ವರ್ಷದ ನಿಯಮ ಪುಸ್ತಕ ಓದಿಯೇ ಹೊರಡಿ.

[ಪರದೆಯ ಮೇಲೆ: ವೀಸಾ, ವಿಮಾನ, ಗಡಿ]

ಅಮೆರಿಕದಲ್ಲಿರೋ ಕನ್ನಡಿಗರು ಇಲ್ಲಿ ಕಿವಿಗೊಡಿ. ಎಚ್-1ಬಿ, ಎಫ್-1, ಪ್ರವಾಸಿ ವೀಸಾದಲ್ಲಿ ಇರೋರು ಬಂದೂಕು ಆಗಲಿ ತೋಟೆ ಆಗಲಿ ಇಟ್ಟುಕೊಳ್ಳೋದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗೆಳೆಯನ ಗನ್ ಕೈಗೆ ತಗೊಂಡರೂ ಅಷ್ಟೇ. ಇರೋ ಮುಖ್ಯ ವಿನಾಯಿತಿ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗೀತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಅಂಗಡಿಯಿಂದ ಹ್ಯಾಂಡ್‌ಗನ್ ಕೊಳ್ಳೋಕೆ 21 ವರ್ಷ ಆಗಿರಬೇಕು, ಅದೇ ರಾಜ್ಯದ ನಿವಾಸಿಯೂ ಆಗಿರಬೇಕು.

ವಿಮಾನದಲ್ಲಿ ಗನ್ ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕೌಂಟರ್‌ನಲ್ಲಿ ಹೇಳಿ, ಚೆಕ್-ಇನ್ ಲಗೇಜಿಗೆ ಹಾಕಬೇಕು. ತಮಾಷೆ ನೋಡಿ, ಗನ್ ಹೋಗುತ್ತೆ, ಕರಡಿ ಸ್ಪ್ರೇ ಹೋಗಲ್ಲ, ಯಾವ ಲಗೇಜಿನಲ್ಲೂ. ಇಳಿದ ಊರಲ್ಲೇ ಕೊಳ್ಳಿ. ಕಾರಲ್ಲಿ ಕೆನಡಾ ದಾಟಿ ಅಲಾಸ್ಕಾಗೆ ಹೋಗೋ ಆಸೆ ಇದ್ದರೆ ಹ್ಯಾಂಡ್‌ಗನ್ ಮನೇಲಿ ಬಿಡಿ. ಕೆನಡಾದಲ್ಲಿ ಅದನ್ನ ಬೇಟೆಗೆ ಬಳಸೋ ಹಾಗಿಲ್ಲ, 2022ರ ಅಕ್ಟೋಬರ್ 21ರಿಂದ ಮಾರಾಟ, ವರ್ಗಾವಣೆಗೂ ತಡೆ ಬಿದ್ದಿದೆ.

ಊರಿನ ಪ್ರಶ್ನೆ, ಅಂದರೆ ಕೊಡಗಿನಲ್ಲಿ ಕೋವಿಗೆ ವಿನಾಯಿತಿ ಇದೆಯಲ್ಲ, ಅಲ್ಲಿ ಬೇಟೆಯಾಡಬಹುದಾ ಅನ್ನೋದು, ಕಾಮೆಂಟಲ್ಲಿ ಬಂದೇ ಬರುತ್ತೆ, ಅದಕ್ಕೆ ಈಗಲೇ ಉತ್ತರ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರೋ ವಿನಾಯಿತಿಯನ್ನ ಭಾರತದ ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳೋಕೆ. ಬೇಟೆಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡಗಿಗೂ ಅನ್ವಯಿಸುತ್ತೆ.

[ದೃಶ್ಯ: ಮಂಜು ಇಳಿದ ಇಳಿಜಾರು. ಯಾರೂ ಇಲ್ಲ.]

ಗುಂಡು ಹಾರಿಸಲೇಬೇಕಾಗಿ ಬಂತು ಅಂದುಕೊಳ್ಳಿ. ಕರಡಿ ಬಿದ್ದಿದೆ. ತಕ್ಷಣ ಹತ್ತಿರ ಹೋಗಬೇಡಿ, ತೋಟೆ ತುಂಬಿಕೊಂಡು ಹಿಂದೆ ಸರಿಯಿರಿ, ಮರಿಗಳೋ ಇನ್ನೊಂದು ಕರಡಿಯೋ ಇದೆಯಾ ನೋಡಿ. ಮೊಂಟಾನಾ, ವಯೋಮಿಂಗ್ ಕಡೆ ಗ್ರಿಜ್ಲಿ 1975ರಿಂದ ಅಮೆರಿಕ ಕೇಂದ್ರ ಸರ್ಕಾರದ ರಕ್ಷಣೆಯ ಪಟ್ಟಿಗೆ ಸೇರಿದ ಪ್ರಾಣಿ. ಆತ್ಮರಕ್ಷಣೆಗೆ ಕೊಂದಿದ್ದರೂ ಐದು ದಿನದೊಳಗೆ ವರದಿ ಮಾಡಬೇಕು. ಜಾಗ ಕೆದಕಬೇಡಿ, ಖಾಲಿ ಹಿತ್ತಾಳೆ ಹೆಕ್ಕಬೇಡಿ. ತನಿಖೆಗೆ ಬಂದವರು ದೂರ ಅಳೆಯೋದು ಅದರಿಂದಲೇ.

ಅಲಾಸ್ಕಾದಲ್ಲಿ ಇನ್ನೂ ಕೆಲಸ ಇದೆ. ವನ್ಯಜೀವಿ ಇಲಾಖೆಗೆ ಕೂಡಲೇ ತಿಳಿಸಿ, 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಕರಡಿಯ ಚರ್ಮವನ್ನ ಉಗುರು ಸಮೇತ ಸುಲಿದು, ತಲೆಬುರುಡೆ ಬೇರ್ಪಡಿಸಿ, ಎರಡನ್ನೂ ಕಾಡಿನಿಂದ ಹೊತ್ತು ತಂದು ಸರ್ಕಾರಕ್ಕೆ ಒಪ್ಪಿಸಬೇಕು. ಎಲ್ಕ್ ಆಗಲಿ ಮೂಸ್ (ಇನ್ನೊಂದು ದೊಡ್ಡ ಜಿಂಕೆ ಜಾತಿ) ಆಗಲಿ, ನಿಮ್ಮ ಬೇಟೆಯ ಮಾಂಸ ಹೊರೋದು ಅದರ ಮೇಲೆ ಬೇರೆ.