ಬೀಡಿ ಕಟ್ಟುವವರ ಸ್ವಂತ ಮನೆ

ಕೇಳುಗರಿಗೆ ನಮಸ್ಕಾರ.

ಸೊಲ್ಲಾಪುರ ಮಹಾರಾಷ್ಟ್ರದಲ್ಲಿದ್ದರೂ ನಮ್ಮ ವಿಜಯಪುರ, ಇಂಡಿ ಕಡೆಯವರಿಗೆ ನೆರೆಯೂರೇ. ಅಲ್ಲಿನ ಓಣಿಗಳಲ್ಲಿ ಮರಾಠಿ, ತೆಲುಗಿನ ಜೊತೆ ಕನ್ನಡವೂ ಕೇಳುತ್ತದೆ. ಆ ಊರಿನ ಹೊರಗೆ, ಕುಂಭಾರಿಯಲ್ಲಿ, ಬೀಡಿ ಕಟ್ಟುವ ಹೆಂಗಸರಿಗೆಂದೇ 10,000 ಮನೆಗಳು ಎದ್ದವು. ರೈತ ಹೋರಾಟಗಾರ್ತಿ ಗೋದೂತಾಯಿ ಪರುಳೇಕರ್ ಹೆಸರಿನ ಸಹಕಾರಿ ಸಂಘ ಕಟ್ಟಿಸಿದ್ದು. 2006ರಲ್ಲಿ ಮನೆಗಳ ಹಸ್ತಾಂತರವಾಯಿತು.

ಬೀಡಿ ಕೆಲಸ ನಡೆಯುವುದು ಹೆಚ್ಚಾಗಿ ಮನೆಯಲ್ಲೇ. ಎಲೆ, ತಂಬಾಕು, ದಾರ ಮನೆಗೆ ಬರುತ್ತವೆ. ಎಲೆ ನೆನೆಸಬೇಕು, ಅಳತೆಗೆ ಕತ್ತರಿಸಬೇಕು, ಮೊರ ತೊಡೆಯ ಮೇಲಿಟ್ಟುಕೊಂಡು ಸುತ್ತಬೇಕು. ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಅಂದರೆ ಈ ಹೆಂಗಸರಿಗೆ ಮನೆಯೇ ಕಾರ್ಖಾನೆ. ಒಂದೇ ಕೋಣೆಯ ಬಾಡಿಗೆ ಮನೆ, ಅದರಲ್ಲೇ ಒಲೆ, ಹಾಸಿಗೆ, ತಂಬಾಕಿನ ಘಾಟು, ಮಗುವಿನ ಪುಸ್ತಕ. ಮಾಲೀಕರು ಖಾಲಿ ಮಾಡಿ ಅಂದರೆ ಸೂರಿನ ಜೊತೆ ಕೆಲಸದ ಜಾಗವೂ ಹೋಯಿತು. ಮಕ್ಕಳ ಶಾಲೆ ದೂರವಾಯಿತು. ತುರ್ತಿಗೆ ಕೈಸಾಲ ಕೊಡುತ್ತಿದ್ದ ಪಕ್ಕದ ಮನೆಯ ಅಕ್ಕನೂ ದೂರವಾದಳು. ಇಷ್ಟನ್ನೂ ಮತ್ತೆ ಹೊಸ ಓಣಿಯಲ್ಲಿ ಕಟ್ಟಿಕೊಳ್ಳುವುದು ಸುಮ್ನೆ ಮಾತಲ್ಲ.

ಕುಂಭಾರಿಯ ಆ ಮನೆಗಳು ತಾವಾಗಿ ಬರಲಿಲ್ಲ. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಜೊತೆ ಸಾವಿರಾರು ಹೆಂಗಸರು ವರ್ಷಗಟ್ಟಲೆ ಬೀದಿಗಿಳಿದು ಕೇಳಿದರು. ಕೇಂದ್ರ, ರಾಜ್ಯ ಸರ್ಕಾರಗಳು ಸಹಾಯಧನ ಕೊಟ್ಟವು. ಉಳಿದ ಪಾಲು ಆ ಹೆಂಗಸರದೇ. ಬೀಡಿ ಕೂಲಿಯಲ್ಲಿ ಅಷ್ಟು ಹಣ ಹೊಂದಿಸುವುದೆಂದರೆ ಹೊಟ್ಟೆ ಬಟ್ಟೆ ಕಟ್ಟಿಯೇ ಅಲ್ವಾ? ಹಾಗಾಗಿ ಇದನ್ನು ಯಾರಾದರೂ ಬಿಟ್ಟಿ ಮನೆ ಎಂದರೆ ನನಗೆ ಬೇಸರವಾಗುತ್ತದೆ.

ಆಮೇಲೆ ಅದೇ ಕುಂಭಾರಿಯ ಬಳಿ ರೇನಗರ ಎಂಬ 30,000 ಮನೆಗಳ ಯೋಜನೆ ಶುರುವಾಯಿತು. ಮಗ್ಗದವರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು, ಬೀಡಿ ಕಾರ್ಮಿಕರಿಗಾಗಿ. 2024ರ ಜನವರಿಯಲ್ಲಿ 15,000 ಮನೆಗಳು ಹಂಚಿಕೆಯಾದವು. ಇದು ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಕಟ್ಟಿದ್ದು. ನಗರಗಳ ಈ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರಬೇಕೆಂಬ ನಿಯಮವಿದೆ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಕಾಗದದಲ್ಲಿ ತನ್ನ ಹೆಸರಿರುವ ಹೆಂಗಸನ್ನು ಜಗಳವಾದ ರಾತ್ರಿ ಹೊರಗೆ ಹಾಕುವುದು ಸುಲಭವಲ್ಲ. ಗಂಡ ತೀರಿಕೊಂಡರೂ ಅವಳು ಮಕ್ಕಳ ಜೊತೆ ಅಲ್ಲೇ ಇರಬಹುದು.

ಆದರೆ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಮನೆ ಕೈಗೆಟುಕಿತು ಅಂತಲ್ಲ. ಅಗ್ಗದ ಜಾಗ ಸಿಗುವುದು ಊರಾಚೆ. ಕೆಲಸ, ಸಂತೆ, ಆಸ್ಪತ್ರೆ ಊರೊಳಗೆ. ಉಳಿಸಿದ ಬಾಡಿಗೆಯೆಲ್ಲ ಬಸ್ಸಿಗೇ ಹೋದರೆ ಸಂಸಾರಕ್ಕೇನು ಸಿಕ್ಕಿತು?

ನಮ್ಮ ಹಳ್ಳಿಗಳಲ್ಲಿ ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯಲ್ಲಿ. ಮುಂದಿನ ಸಭೆಯಲ್ಲಿ ಪಟ್ಟಿ ಓದುವಾಗ ದಯವಿಟ್ಟು ಎದ್ದು ನಿಂತು ಕೇಳಿ. ನಿವೇಶನ ಎಲ್ಲಿದೆ? ನಲ್ಲಿ ನೀರು, ಬಸ್ಸು ಅಲ್ಲಿಗೆ ಬರುತ್ತವೆಯೇ? ಹಕ್ಕುಪತ್ರದಲ್ಲಿ ಯಾರ ಹೆಸರಿದೆ?

ನಮಸ್ಕಾರ.