ಐನೂರು ಪ್ರತಿ ಯಾರಿಗೆ?

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ವರ್ಷಗಟ್ಟಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಕವಿತೆಗಳನ್ನು ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ, ‘ನನ್ನ ಕವಿತೆ ಚೆನ್ನಾಗಿದೆಯಾ?’ ಅಂತ. ಇದಕ್ಕೆ ಮನೆಯವರೂ ಸ್ನೇಹಿತರೂ ಕೊಡುವ ಉತ್ತರ ಒಂದೇ, ಹಾಗಾಗಿ ಕೇಳಿ ಪ್ರಯೋಜನ ಕಡಿಮೆ. ಕಷ್ಟದ ಪ್ರಶ್ನೆ ಬೇರೆಯದು: ಅಚ್ಚಾದ ಪ್ರತಿ ಯಾರ ಕೈಗೆ ಹೋಗುತ್ತದೆ?

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ದುಡ್ಡು ಕೊಟ್ಟು ಕೊಳ್ಳುವವರ ಹೆಸರು. ‘ಜಿಲ್ಲೆಯ ಸಾಹಿತ್ಯಾಸಕ್ತರು’ ಅಂತ ಬರೆಯುವ ಹಾಗಿಲ್ಲ, ಹೆಸರೇ ಬೇಕು. ಬಲಗಡೆ, ಕೊಡಲೇಬೇಕಾದವರು: ಮುನ್ನುಡಿ ಬರೆದವರು, ಬೆನ್ನುಡಿ ಬರೆದವರು, ಮೇಷ್ಟ್ರು, ಬೀಗರು. ಜೊತೆಗೆ 1954ರ ಕಾಯ್ದೆ ಪ್ರಕಾರ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕಳಿಸಬೇಕಾದ 4 ಪ್ರತಿ: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು. ಪುಸ್ತಕ ನೀವೇ ತಂದರೆ ಪ್ರಕಾಶಕರೂ ನೀವೇ. ಬರೆದು ಮುಗಿಸುವ ಹೊತ್ತಿಗೆ ಬಲಗಡೆಯ ಪಟ್ಟಿ ಎಡಗಡೆಯದಕ್ಕಿಂತ ಉದ್ದವಾದರೆ ಗಾಬರಿ ಬೇಡ. ಕವನ ಸಂಕಲನಕ್ಕೆ ಅದು ಸಹಜ.

ಈಗ ದುಡ್ಡಿನ ಲೆಕ್ಕ. ದರ ಊರಿಂದೂರಿಗೆ ಬದಲಾಗುತ್ತದೆ, ಇದನ್ನು ಉದಾಹರಣೆ ಅಂತ ಮಾತ್ರ ಇಟ್ಟುಕೊಳ್ಳಿ. ಡಿಟಿಪಿ, ಮುಖಪುಟ, ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಸೇರಿ ಪ್ರತಿಗೆ 60 ರೂಪಾಯಿ ಬಿತ್ತು ಅನ್ನಿ. 500 ಪ್ರತಿಗೆ 30,000. ಮುಖಬೆಲೆ 150 ಇಟ್ಟಿರಿ, ಅಂಗಡಿಯವರಿಗೆ ಶೇಕಡಾ 40 ಬಿಟ್ಟಿರಿ, ನಿಮಗೆ ಉಳಿದದ್ದು 90. ಹಾಕಿದ ಹಣ ವಾಪಸಾಗಲು 334 ಪ್ರತಿ ಹೋಗಬೇಕು. ಗೌರವ ಪ್ರತಿ 60 ತೆಗೆದರೆ ಕೈಯಲ್ಲಿ ಇರುವುದೇ 440. ಆಗಲಿ, ಕಷ್ಟಪಟ್ಟರೆ ಆದೀತು. ಆದರೆ ಬಿಡುಗಡೆ ಸಮಾರಂಭ ಅಂತ ಒಂದು ಇದೆಯಲ್ಲ! ಸಭಾಂಗಣದ ಬಾಡಿಗೆ, ಫ್ಲೆಕ್ಸು, ಶಾಲು, ಹಾರ, ಉಪ್ಪಿಟ್ಟು, ಕಾಫಿಗೆ 8,000 ಆದರೂ 334 ಇದ್ದದ್ದು 423ಕ್ಕೆ ಏರುತ್ತದೆ. ಅಂದರೆ 440ರಲ್ಲಿ 17 ಬಿಟ್ಟು ಉಳಿದದ್ದೆಲ್ಲ ಮಾರಾಟವಾಗಬೇಕು. ಸಂಕಲನದ ಲೆಕ್ಕ ಬುಡಮೇಲಾಗುವುದು ಬಹುಪಾಲು ಇಲ್ಲೇ.

ಗ್ರಂಥಾಲಯ ಇಲಾಖೆಯ ಖರೀದಿ ಆಯ್ಕೆಗೆ ಪುಸ್ತಕ ಕಳಿಸಬಹುದು, ಕಳಿಸಿ. ಆ ಹಣವನ್ನು ಮಾತ್ರ ಮೊದಲೇ ಆದಾಯದ ಕಡೆ ಬರೆದುಕೊಳ್ಳಬೇಡಿ. ಬಂದ ದಿನ ಬರೆದರಾಯಿತು.

ಹಾಗಿದ್ದರೆ 500 ಯಾಕೆ? ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ ಮಾಡುವ, ಯಂತ್ರ ಹೊಂದಿಸುವ ಖರ್ಚು 100 ಪ್ರತಿಗೂ ಅಷ್ಟೇ, 500ಕ್ಕೂ ಅಷ್ಟೇ. ಅದಕ್ಕೇ ಮುದ್ರಕರು ‘ಇನ್ನೊಂದು ಇನ್ನೂರು ಹಾಕಿಸಿ ಸಾರ್, ಚೀಪಾಗುತ್ತೆ’ ಅನ್ನುವುದು. ಅವರ ಮಾತು ಸುಳ್ಳಲ್ಲ, ಅಗ್ಗವಾಗುವುದು ಪ್ರತಿ, ಬಿಲ್ಲಲ್ಲ. ಡಿಜಿಟಲ್ ಮುದ್ರಣಕ್ಕೆ ಪ್ಲೇಟ್ ಬೇಡ. 50, 100 ಪ್ರತಿ ತೆಗೆಸಬಹುದು. ಪ್ರತಿಗೆ ಹೆಚ್ಚು ಬೀಳುತ್ತದೆ, ಒಟ್ಟು ಖರ್ಚು ಕಡಿಮೆ. ಎಡಗಡೆಯ ಪಟ್ಟಿಯಲ್ಲಿ 80 ಹೆಸರಿದ್ದರೆ ಇದೇ ದಾರಿ.

ಎರಡನೆಯ ಪ್ರಶ್ನೆ, ಯಾವ ಕವಿತೆ ಬಿಡುತ್ತೀರಿ? ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ತಂದುಕೊಟ್ಟ ಅನುವಾದದಲ್ಲಿ ಇರುವುದು 12 ಕಥೆ, ಮೂರು ದಶಕಗಳ ಬರವಣಿಗೆಯಿಂದ ಆರಿಸಿದವು. ಕವಿಗಳಿಗೆ ಬಿಡುವುದು ಇನ್ನೂ ಕಷ್ಟ. ಅಚ್ಚಿನ ಮನೆ ಒಂದು ನೆಪ ಒದಗಿಸುತ್ತದೆ. ಅಲ್ಲಿ ಪುಸ್ತಕ ಎಣಿಸುವುದು ಫಾರಂ ಲೆಕ್ಕದಲ್ಲಿ, ಫಾರಂಗೆ 16 ಪುಟ, ಅರ್ಧ ಫಾರಂಗೆ 8. 128 ಪುಟ ಅಂದರೆ ಸರಿಯಾಗಿ 8 ಫಾರಂ. 130ಕ್ಕೆ ಹೋದರೆ ಎರಡು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಂ ತೆರಬೇಕು, ಆರು ಪುಟ ಖಾಲಿ ಬೀಳುತ್ತದೆ. ಆ ಎರಡು ಪುಟ ಯಾವುದು ಅಂತ ಕೂತು ಯೋಚಿಸಿ, ಉತ್ತರ ನಿಮಗೆ ಗೊತ್ತಿರುತ್ತದೆ.

ಡೆಮಿ 1/8 ಆಕಾರದ ಪುಟ ಸುಮಾರು 14 ಸೆಂಟಿಮೀಟರ್ ಅಗಲ. ಅಂಚು, ಹೊಲಿಗೆ ಬದಿ ಬಿಟ್ಟರೆ ಸಾಲಿಗೆ ಸಿಗುವುದು 10. 12 ಪಾಯಿಂಟ್ ಗಾತ್ರದ ಅಚ್ಚಿನಲ್ಲಿ ಅಷ್ಟರಲ್ಲಿ ಹಿಡಿಯುವುದು 30 ಅಕ್ಷರದ ಆಸುಪಾಸು. ಅದಕ್ಕಿಂತ ಉದ್ದದ ಸಾಲು ಮುರಿದು ಕೆಳಗೆ ಬೀಳುತ್ತದೆ, ಲಯ ಅಲ್ಲೇ ಕೆಡುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲನ್ನು ಯೂನಿಕೋಡಿಗೆ ಬದಲಿಸಿದ್ದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು. ಕರಡು ಕಾಗದದ ಮೇಲೆ ತೆಗೆಸಿ, ಕವಿತೆ ಹಿಂದೆ ಓದಿರದ ಒಬ್ಬರ ಕೈಗೆ ಕೊಡಿ, ನಮ್ಮ ಕಡೆ ಹಾಸನ ಆಸನವಾಗುವುದು ಬಾಯಲ್ಲಿ ಮಾತ್ರ ಅಲ್ಲ.

ಮೂರನೆಯದು, ಯಾವಾಗ? ಡಿಸೆಂಬರಿನಲ್ಲಿ ಮೂಡಿಗೆರೆ, ಸಕಲೇಶಪುರದವರು ಅರೇಬಿಕಾ ಕೊಯ್ಲಿನಲ್ಲಿ, ಬಯಲುಸೀಮೆಯವರು ರಾಗಿ ಕಣದಲ್ಲಿ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರಲ್ಲಿ ಗಾಡಿ ನಿಲ್ಲಿಸಲೂ ಜಾಗವಿಲ್ಲ. ಮುಂಗಾರಿನಲ್ಲಿ ಕಾರ್ಯಕ್ರಮಕ್ಕಿಂತ ದಾಸ್ತಾನಿನ ಚಿಂತೆ ದೊಡ್ಡದು. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದ 128 ಪುಟದ ಪುಸ್ತಕ ಒಂದಕ್ಕೆ ಮುಖಪುಟ ಸೇರಿ 155 ಗ್ರಾಂ ತೂಗುತ್ತದೆ, 500 ಅಂದರೆ ಮುಕ್ಕಾಲು ಕ್ವಿಂಟಲ್‌ಗೂ ಮಿಕ್ಕಿ. ಮಲೆನಾಡಿನ ಮನೆಯಲ್ಲಿ ಅದನ್ನು ನೆಲಕ್ಕೆ ಇಟ್ಟರೆ ಕಾಗದ ತೇವ ಹೀರಿ ಅಲೆಅಲೆಯಾಗುತ್ತದೆ, ಒಂದೇ ಬದಿ ಲ್ಯಾಮಿನೇಶನ್ ಆದ ಮುಖಪುಟ ಸುರುಳಿಕೊಳ್ಳುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಬೇಕು.

ಇಷ್ಟೆಲ್ಲ ಕೇಳಿಕೊಂಡ ಮೇಲೆ ಎಡಗಡೆ ಇರುವುದು 30 ಹೆಸರು ಅಂತ ಗೊತ್ತಾದರೆ ಪುಸ್ತಕ ಕೈಬಿಡಬೇಕಿಲ್ಲ. ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದರೆ 4 ಪುಟ, 8 ಹಾಳೆಗೆ 32 ಪುಟ. 30 ಪ್ರತಿಗೆ 240 ಹಾಳೆ, ಅರ್ಧ ರಿಮ್ ಕೂಡ ಆಗುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಬುಕ್‌ಲೆಟ್ ಪ್ರಿಂಟ್ ಅಂತ ಹೇಳಿ, ಎರಡೂ ಬದಿ, ಹಾಳೆ ಚಿಕ್ಕ ಅಂಚಿನ ಕಡೆ ತಿರುಗಬೇಕು. ಉದ್ದ ಅಂಚಿನ ಕಡೆ ತಿರುಗಿದರೆ ಹಿಂಬದಿ ಪುಟಗಳು ತಲೆಕೆಳಗಾಗಿ ಬರುತ್ತವೆ. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ನಡುಮಡಿಕೆಗೆ ಎರಡು ಪಿನ್ ಹೊಡೆದು ಪುಟ ಸಂಖ್ಯೆ ನೋಡಿ. ಸರಿಯಿದ್ದರೆ ಉಳಿದ 29 ಹೇಳಿ.

ನಮಸ್ಕಾರ.